ದೂರದಿಂದ ಕಂಡ ಐರ್ಲೆಂಡ್

ಚಿಂತಾಮಣಿಯ ದಾರಿಯಾಗಿ ಮದನಪಲ್ಲಿಗೆ ಹೋಗಿಬರುವ ನಮ್ಮ ಸೀಮೆಯವರಿಗೆ ಅಲ್ಲಿನ ಥಿಯಾಸಾಫಿಕಲ್ ಕಾಲೇಜು ಅಪರಿಚಿತವಲ್ಲ. ಆದರೆ ಆ ಕಾಲೇಜಿನೊಡನೆ ಬಹುಕಾಲ ಒಡನಾಡಿದ ಜೇಮ್ಸ್ ಕಸಿನ್ಸ್ ಮತ್ತು ಮಾರ್ಗರೆಟ್ ಕಸಿನ್ಸ್ ದಂಪತಿಗಳು, ತಾಯ್ನಾಡಾದ ಐರ್ಲೆಂಡಿನ ಬಾಳನ್ನು ಅದನ್ನು ತೊರೆದ ಎಷ್ಟೋ ವರ್ಷಗಳ ಮೇಲೆ ನೆನೆದು ಬರೆದ ‘ವಿ ಟೂ ಟುಗೆದರ್’ ಎಂಬ ಗ್ರಂಥವನ್ನು ಓದಿದವರು ನಮ್ಮಲ್ಲಿ ವಿರಳ. 1950ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಈ ಜಂಟಿ ಆತ್ಮಕಥೆಯಲ್ಲಿ ಪತಿಪತ್ನಿಯರು ಸರದಿಯಂತೆ ಲೇಖನಿಯನ್ನು ಹಿಡಿದಿದ್ದಾರೆ. ಪ್ರವಾಸಿಯು ಮನೆಗೆ ಮರಳಿ ಪರದೇಶವನ್ನು ವರ್ಣಿಸುವುದು ವಾಡಿಕೆ. ಪರದೇಶದಲ್ಲೇ ಮನೆಕಟ್ಟಿ ನಿಂತವರು ಸ್ವದೇಶವನ್ನು ವರ್ಣಿಸಿರುವುದು ಈ ಕೃತಿಯ ವಿಶೇಷ, ಮತ್ತು ಆ ದೂರವೇ ಇದರ ಸತ್ವ.

ಎರಡು ಲೇಖನಿಗಳೂ ಸಮಾನವಲ್ಲವೆಂದು ಹೇಳಲೇಬೇಕು. ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಡಬ್ಲಿನ್ನಿನ ಸಾಹಿತ್ಯ ಪುನರುಜ್ಜೀವನದಲ್ಲಿ ಕವಿ ಯೇಟ್ಸ್ ಮೊದಲಾದವರ ಜತೆ ಬೆರೆತು, 1904ರಲ್ಲಿ ತರುಣ ಲೇಖಕ ಜಾಯ್ಸನಿಗೆ ಕೆಲದಿನ ಆಶ್ರಯವಿತ್ತ ಜೇಮ್ಸರ ಬಳಿ ಸಾಮಗ್ರಿ ಅಪಾರವಾಗಿದ್ದರೂ, ಮನುಷ್ಯನ ಮುಖ ಕಾಣಿಸುವಷ್ಟರಲ್ಲಿ ಅವರ ವಾಕ್ಯವು ತತ್ತ್ವದ ಮುಗಿಲನ್ನೇರಿಬಿಡುತ್ತದೆ. ಮಾರ್ಗರೆಟ್ಟರದು ನೆಲದ ಮೇಲಿನ ನಡಿಗೆ. ಸ್ತ್ರೀಯರ ಮತದಾನದ ಹಕ್ಕಿಗಾಗಿ ಡಬ್ಲಿನ್ ಕೋಟೆಯ ಕಿಟಕಿಯ ಗಾಜನ್ನೊಡೆದು, 1913ರಲ್ಲಿ ಟಲ್ಲಮೋರ್ ಸೆರೆಮನೆಯಲ್ಲಿ ತಮ್ಮನ್ನು ರಾಜಕೀಯ ಬಂದಿಗಳೆಂದು ಪರಿಗಣಿಸಬೇಕೆಂದು ಉಪವಾಸ ಹೂಡಿದ ಈಕೆ, ಮುಂದೆ 1932ರಲ್ಲಿ ನಮ್ಮ ಸ್ವಾತಂತ್ರ್ಯಕ್ಕಾಗಿ ಮಾತನಾಡಿ ವೆಲ್ಲೂರಿನ ಸೆರೆಮನೆಯನ್ನೂ ಕಂಡರು. ಡಬ್ಲಿನ್ನಿನಲ್ಲಿ ಕಲಿತ ಸಂಗೀತವೂ ವ್ಯರ್ಥವಾಗಲಿಲ್ಲ: 1919ರ ಫೆಬ್ರವರಿಯಲ್ಲಿ ಮದನಪಲ್ಲಿಗೆ ಬಂದ ರವೀಂದ್ರರು ‘ಜನಗಣಮನ’ವನ್ನು ಹಾಡಿದಾಗ, ಅದರ ಸ್ವರಗಳನ್ನು ಕಾಗದಕ್ಕಿಳಿಸಿದವರು ಇವರೇ.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು 1916ರ ಪ್ರಕರಣ. ಡಬ್ಲಿನ್ನಿನ ಈಸ್ಟರ್ ಬಂಡಾಯದಲ್ಲಿ ಮರಣದಂಡನೆಗೆ ಗುರಿಯಾದ ಕವಿಗಳನ್ನು ಶ್ಲಾಘಿಸಿ ಬರೆದುದಕ್ಕಾಗಿ, ಆಗಲೇ ಭಾರತಕ್ಕೆ ಬಂದಿದ್ದ ಜೇಮ್ಸರು ತಾವು ದುಡಿಯುತ್ತಿದ್ದ ‘ನ್ಯೂ ಇಂಡಿಯಾ’ ಪತ್ರಿಕೆಯನ್ನು ಬಿಡಬೇಕಾಯಿತು. ಮದನಪಲ್ಲಿಯ ಅಧ್ಯಾಪನಕ್ಕೆ ಅವರು ಬಂದದ್ದು ಆ ಬಳಿಕ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಕೂಡಿದ ಜನರ ಮೇಲೆ ಗುಂಡು ಹಾರಿದ್ದನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವರಿಗೆ ಡಬ್ಲಿನ್ನಿನ ಈ ವೃತ್ತಾಂತ ಪರರ ಕಥೆಯಾಗಿ ಉಳಿಯಲಾರದು.

ಭಾರತದ ಭಾಗಕ್ಕೆ ಬಂದೊಡನೆ ಗ್ರಂಥವು ಸಡಿಲವಾಗುತ್ತದೆ. ಉಪನ್ಯಾಸ, ಪ್ರಯಾಣ, ಗಣ್ಯರ ಭೇಟಿ ಇವು ಒಂದರ ಹಿಂದೊಂದು ಬರುತ್ತವೆ. ಸುತ್ತಲಿನ ಒಕ್ಕಲು ಮನೆಗಳ ಬದುಕು ನನಗೆ ತೃಪ್ತಿಯಾಗುವಷ್ಟು ಕಾಣಲಿಲ್ಲ. ಐರ್ಲೆಂಡನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು ಹತ್ತಿರದ್ದನ್ನು ಇನ್ನಷ್ಟು ನೋಡಬಹುದಾಗಿತ್ತು.

ಆದರೂ 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ತಂದು ತೋರಿಸಿದಾಗ, ತಾಯ್ನುಡಿಯಲ್ಲಿ ಬರೆಯಿರೆಂದು ಹೇಳಿ ಕಳುಹಿದವರು ಈ ಜೇಮ್ಸರೇ ಎಂಬುದನ್ನು ಕನ್ನಡಿಗರು ಮರೆಯಲಾಗದು. ಕನ್ನಡಕ್ಕೆ ಇಷ್ಟು ಉಪಕಾರ ಮಾಡಿದವರ ಆತ್ಮಕಥೆಯನ್ನು ಬಲ್ಲವರು ಕನ್ನಡಿಸಲಿ. ಎಲ್ಲವೂ ಆಗದಿದ್ದರೆ ಮಾರ್ಗರೆಟ್ಟರು ಬರೆದ ಐರ್ಲೆಂಡಿನ ಅಧ್ಯಾಯಗಳನ್ನಾದರೂ ಮೊದಲು ತಂದು, ಚಿಂತಾಮಣಿ, ಶಿಡ್ಲಘಟ್ಟಗಳ ಗ್ರಂಥಾಲಯಗಳಲ್ಲಿ ನಮ್ಮ ಹೆಣ್ಣುಮಕ್ಕಳ ಕೈಗೆ ಸಿಗುವಂತೆ ಮಾಡಲಿ.