ಗಿಣಿಯ ಪಂಜರದ ಖರ್ಚು

ರವೀಂದ್ರನಾಥ ಠಾಕೂರರ ‘ತೋತಾಕಾಹಿನಿ’ ಕೆಲವೇ ಪುಟಗಳ ಪುಟ್ಟ ಕಥೆ. 1918ರಲ್ಲಿ ಬೆಳಕು ಕಂಡು, ಮುಂದೆ 1922ರ ‘ಲಿಪಿಕಾ’ ಸಂಕಲನವನ್ನು ಸೇರಿತು. ಉರುಹೊಡೆಯುವ ವಿದ್ಯೆಯ ವಿಡಂಬನೆಯೆಂದು ಇದನ್ನು ಓದುವುದು ವಾಡಿಕೆ. ಆ ಓದು ತಪ್ಪಲ್ಲ. ಆದರೆ ನನಗೆ ಇದು ಮೊದಲಿಗೆ ಖರ್ಚಿನ ಕಥೆಯಾಗಿಯೇ ತೋರುತ್ತದೆ.

ಆರಂಭವೇ ಲಾಭನಷ್ಟದ ಮಾತಿನಿಂದ. ಹಾಡಿ ಕುಪ್ಪಳಿಸುವ, ಶಾಸ್ತ್ರವರಿಯದ ಈ ಹಕ್ಕಿ ಕಾಡಿನ ಹಣ್ಣು ತಿಂದು ರಾಜಪೇಟೆಯ ಹಣ್ಣಿನ ವ್ಯಾಪಾರಕ್ಕೆ ನಷ್ಟ ತರುತ್ತಿದೆಯೆಂಬುದು ದೊರೆಯ ಕೊರಗು. ಅದಕ್ಕೆ ವಿದ್ಯೆ ಕಲಿಸಿರೆಂದು ಅಪ್ಪಣೆಯಾಗುತ್ತದೆ. ಮೊದಲು ಒಳ್ಳೆಯ ಪಂಜರವಾಗಲೆಂದು ಪಂಡಿತರು ತೀರ್ಪಿತ್ತು, ದಕ್ಷಿಣೆ ಪಡೆದು ಮನೆಗೆ ಹೋಗುತ್ತಾರೆ. (ಮೇಷ್ಟರಾದ ನಾನೂ ಅದೇ ಪಂಕ್ತಿಯವನು, ಈ ಸಾಲಿಗೆ ಬಂದಾಗ ತರಗತಿಯ ಕಡೆ ನೋಡದೆ ಮುಂದುವರಿಯುತ್ತೇನೆ.) ಅಕ್ಕಸಾಲಿಗನಿಗೆ ಇನಾಮು. ನಕಲಿನ ನಕಲು ತೆಗೆದು ಪೋಥಿಗಳ ಬೆಟ್ಟವೊಟ್ಟಿದ ಲಿಪಿಕಾರರಿಗೆ ಎತ್ತಿನ ಹೇರಿನಷ್ಟು ಬಹುಮಾನ. ಪಂಜರದ ರಿಪೇರಿಗೆ ಆಳುಗಳು. ಆ ಆಳುಗಳ ಮೇಲೆ ಕಣ್ಣಿಡಲು ಇನ್ನಷ್ಟು ಆಳುಗಳು. ದೊರೆ ಪರಿಶೀಲನೆಗೆ ಬಂದರೆ ವಾದ್ಯದ ಗದ್ದಲ. ಹಕ್ಕಿಯನ್ನು ನೋಡಿದಿರಾ ಎಂದು ನಿಂದಕನೊಬ್ಬ ನೆನಪಿಸಬೇಕಾಗುತ್ತದೆ. ಪಂಜರದೊಳಗೆ ಕಾಳಿಲ್ಲ, ನೀರಿಲ್ಲ. ಅದರ ಬಾಯಿಗೆ ತುರುಕುತ್ತಿರುವುದು ಪೋಥಿಯ ಹಾಳೆ.

ಠಾಕೂರರು ಎಲ್ಲಿಯೂ ದನಿಯೇರಿಸುವುದಿಲ್ಲ. ಯಾರಿಗೆ ಎಷ್ಟು ಸಂದಿತೆಂದು ಶಾನುಭೋಗರಂತೆ ಬರೆದುಕೊಂಡು ಹೋಗುತ್ತಾರೆ. ಆ ಲೆಕ್ಕದಲ್ಲಿ ಹಕ್ಕಿಯ ಹೆಸರಿಗೆ ಒಂದು ಕಾಸೂ ಬಿದ್ದಿಲ್ಲವೆಂಬುದನ್ನು ಓದುಗನೇ ಕಂಡುಕೊಳ್ಳಬೇಕು. ಕಥೆಯ ಶಕ್ತಿಯಿರುವುದು ಇಲ್ಲಿ.

ಆದರೂ ನನ್ನದೊಂದು ತಕರಾರುಂಟು. ಈ ಕಥೆಯ ದೊರೆ ಧಾರಾಳಿ. ನಿಜವಾದ ದೊರೆಗಳು ಹಾಗಿರಲಿಲ್ಲ. ಕಥೆ ಬರುವುದಕ್ಕೆ ಆರು ವರ್ಷ ಮೊದಲು, 1912ರಲ್ಲಿ, ಗೋಖಲೆಯವರ ಪ್ರಾಥಮಿಕ ಶಿಕ್ಷಣ ಮಸೂದೆ ವೈಸರಾಯರ ಶಾಸನ ಪರಿಷತ್ತಿನಲ್ಲಿ ಬಿದ್ದುಹೋಯಿತು. ಪರವಾಗಿ 13 ಮತ, ವಿರುದ್ಧವಾಗಿ 38. ನಾಡಿನ ಬಹುಪಾಲು ಮಕ್ಕಳಿಗೆ ಆಗ ಚಿನ್ನದ ಪಂಜರವಿರಲಿ, ಹುಲ್ಲಿನ ಸೂರೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಕೈ ಬಿಗಿಯೇ. 1966ರಲ್ಲಿ ವರದಿ ಒಪ್ಪಿಸಿದ ಕೊಠಾರಿ ಆಯೋಗ, ಆಗ ರಾಷ್ಟ್ರೀಯ ವರಮಾನದ ಶೇ. 2.9ರಷ್ಟಿದ್ದ ಶಿಕ್ಷಣವೆಚ್ಚವು 1985–86ರ ಹೊತ್ತಿಗೆ ಶೇ. 6 ಆಗಬೇಕೆಂದಿತು. 1968, 1986, 2020ರ ಶಿಕ್ಷಣನೀತಿಗಳು ಮೂರೂ ಆ ಆರನ್ನೇ ಜಪಿಸಿದವು. ಇಂದಿಗೂ ಅದು ಕೈಗೆಟುಕಿಲ್ಲ. ಹೀಗಿರುವಲ್ಲಿ, ಹಣ ಸುರಿದರೆ ವಿದ್ಯೆ ಬಂದೀತೇ ಎಂದು ಮೂಗು ಮುರಿಯುವವರು ಈ ಕಥೆಯನ್ನು ತಮ್ಮ ಸಾಕ್ಷಿಯಾಗಿ ನಿಲ್ಲಿಸಿಕೊಂಡರೆ ಅದು ಕಥೆಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. ಹೆಚ್ಚು ಖರ್ಚಾಯಿತೆಂದು ಠಾಕೂರರು ದೂರಿಲ್ಲ. ಕಾಳಿಗೆ ಖರ್ಚಾಗಲಿಲ್ಲವೆಂದು ತೋರಿಸಿದ್ದಾರೆ.

ಕಾಳಿನ ಮಾತು ಇಲ್ಲಿ ಬರಿಯ ರೂಪಕವೂ ಅಲ್ಲ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆಜ್ಞೆ ಮಾಡಿತು. ನಮ್ಮಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಅಕ್ಷರ ದಾಸೋಹ ಮೊದಲಾಯಿತು. 2013ರಲ್ಲಿ ಹಾಲೂ ಬಂತು. ಆಯವ್ಯಯ ಪತ್ರದಲ್ಲಿ ಯಾವ ಬಾಬು ಪಂಜರ, ಯಾವುದು ಕಾಳು ಎಂದು ಬಿಡಿಸುವುದು ಸುಲಭವಲ್ಲ. ಕಟ್ಟಡವೂ ಬೇಕು, ಪುಸ್ತಕವೂ ಬೇಕು. ಆದರೆ ಬಿಸಿಯೂಟದ ಅಡುಗೆಯವರಿಗೆ ಸಲ್ಲುವುದು ಸಂಬಳವೂ ಅಲ್ಲ, ಗೌರವಧನ. ಅದನ್ನು ಲಿಪಿಕಾರರ ಎತ್ತಿನ ಹೇರಿನ ಜೊತೆ ಒಂದೇ ಕಲಮಿನಲ್ಲಿ ಬರೆಯಲು ನನ್ನಿಂದಾಗದು.