ಮೊದಲು ಕೇಳಿ, ಆಮೇಲೆ ಬಿಚ್ಚಿ

ಹಳೆಯ ಅಂಬಾಸಡರ್ ಢಬ್ ಎಂದು ಹೊಡೆದಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಸದ್ದು ಬಂದದ್ದು ಬಾನೆಟ್ಟಿನ ಕೆಳಗಿನಿಂದಲೋ, ಸೈಲೆನ್ಸರಿನ ಬಾಯಿಂದಲೋ? ಇದು ಗೊತ್ತಾಗುವ ಮೊದಲೇ ಪಾನಾ ಹಿಡಿದವರು ಸಾಮಾನ್ಯವಾಗಿ ಕಾರ್ಬೊರೇಟರ್ ಬಿಚ್ಚುತ್ತಾರೆ. ಬಹಳಷ್ಟು ಸಲ ತಪ್ಪು ಅದರದ್ದಾಗಿರುವುದಿಲ್ಲ.

ಸವಣೂರು ತಾಲ್ಲೂಕಿನ ಯಲವಿಗಿಯಂಥ ಊರಿನಲ್ಲಿ ಈ ಪ್ರಶ್ನೆಗೆ ಬೆಲೆ ಹೆಚ್ಚು. ಊರಿಗೆ ರೈಲ್ವೆ ಸ್ಟೇಷನ್ ಇದೆ, ಆದರೆ ಹಳೆಯ ಎಸ್‌ಯು ಕಾರ್ಬೊರೇಟರಿನ ಒಳಹೊರಗು ಬಲ್ಲ ಕೈ ಬೇಕೆಂದರೆ ಹುಬ್ಬಳ್ಳಿಯ ದಾರಿ ಹಿಡಿಯಬೇಕಾದೀತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದೆ ಈ ಸೀಮೆಯವರು ಕೊಂಡ ಕಾರುಗಳ ಕಾಗದಪತ್ರವೆಲ್ಲ ಧಾರವಾಡದ್ದು. ಇಂದಿಗೂ ಉಳಿದುಕೊಂಡಂಥವು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತು, ಮದುವೆಗೋ ಜಾತ್ರೆಗೋ ಹೊರಬೀಳುತ್ತವೆ. ಆಗಲೇ ಹೊಡೆಯಲು ಶುರುಮಾಡುತ್ತವೆ.

ಎರಡು ಸದ್ದುಗಳ ಹುಟ್ಟು ಬೇರೆ ಬೇರೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ಮಿಶ್ರಣ ನಿಧಾನ ಉರಿಯುತ್ತದೆ. ಇನ್‌ಲೆಟ್ ವಾಲ್ವ್ ಮತ್ತೆ ತೆರೆಯುವ ಹೊತ್ತಿಗೂ ಸಿಲಿಂಡರಿನಲ್ಲಿ ಬೆಂಕಿ ಆರಿರುವುದಿಲ್ಲ. ಒಳಬರುತ್ತಿರುವ ಮಿಶ್ರಣಕ್ಕೆ ಅದು ತಗುಲಿ ಕಾರ್ಬೊರೇಟರಿನ ಬಾಯಲ್ಲಿ ಪಟ್ ಎನ್ನುತ್ತದೆ. ಸೈಲೆನ್ಸರಿನಲ್ಲಿ ಆಗುವುದು ಬೇರೆ: ಸಿಲಿಂಡರಿನಲ್ಲಿ ಉರಿಯದೆ ದಾಟಿದ ಪೆಟ್ರೋಲ್ ಕಾದ ಪೈಪಿನಲ್ಲಿ ಗಾಳಿ ಸಿಕ್ಕೊಡನೆ ಹೊತ್ತಿಕೊಳ್ಳುತ್ತದೆ. ಆ ಸದ್ದು ದೊಡ್ಡದು, ಓಣಿಗೆಲ್ಲ ಕೇಳುವಂಥದ್ದು.

ಎರಡನೆಯ ಪ್ರಶ್ನೆ: ಯಾವಾಗ ಹೊಡೆಯುತ್ತದೆ? ಎಂಜಿನ್ ತಣ್ಣಗಿದ್ದಾಗ ಚೋಕ್ ಬೇಗ ಒಳಗೆ ತಳ್ಳಿದ್ದಕ್ಕೆ ಮಾತ್ರ ಆದರೆ ಚಿಂತೆಯಿಲ್ಲ. ಎಕ್ಸಲರೇಟರ್ ಗಕ್ಕನೆ ಒತ್ತಿದಾಗ ಮುಂದೆ ಹೊಡೆದರೆ ಎಸ್‌ಯು ಕಾರ್ಬೊರೇಟರಿನ ಮೇಲ್ಗಡೆಯ ಡ್ಯಾಂಪರಿನಲ್ಲಿ ಎಣ್ಣೆ ಇದೆಯೇ ನೋಡಿ; ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ಬೇಗ ಮೇಲೇರಿ ಗಾಳಿಯೇ ಹೆಚ್ಚಾಗುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಮಾತ್ರ ಹಿಂದೆ ಹೊಡೆದರೆ ಸೈಲೆನ್ಸರ್ ಜೋಡಣೆಗಳಲ್ಲಿ ಗಾಳಿ ಎಳೆಯುತ್ತಿರಬಹುದು. ಹೊತ್ತಿಲ್ಲ, ಲೆಕ್ಕವಿಲ್ಲ, ಬೇಕೆಂದಾಗ ಹೊಡೆಯುತ್ತದೆ ಎಂದರೆ ಅದು ಕರೆಂಟಿನ ಕಡೆಯ ದೋಷ.

ಆದ್ದರಿಂದ ಕೈ ಹಾಕುವುದು ಅಲ್ಲಿಂದಲೇ. ನಾಲ್ಕೂ ಪ್ಲಗ್ ಬಿಚ್ಚಿ, ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ಕಂದು ಬಣ್ಣವಿದ್ದರೆ ಸರಿ, ಬಿಳುಪಾಗಿದ್ದರೆ ಪೆಟ್ರೋಲ್ ಕಡಿಮೆ, ಮಸಿ ಹಿಡಿದಿದ್ದರೆ ಹೆಚ್ಚು. ಒಂದೇ ಪ್ಲಗ್ ಬೇರೆಯಾಗಿ ಕಂಡರೆ ದೋಷ ಆ ಒಂದು ಸಿಲಿಂಡರಿನದು. ಆಗ ನಾಲ್ಕಕ್ಕೂ ಸೇರಿದ ಕಾರ್ಬೊರೇಟರನ್ನು ಬಿಚ್ಚಿ ಪ್ರಯೋಜನವಿಲ್ಲ. ಆಮೇಲೆ ಡಿಸ್ಟ್ರಿಬ್ಯೂಟರ್. ಲೂಕಾಸ್ ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಪಾಯಿಂಟ್ ಸುಟ್ಟು ನೀಲಿಯಾಗಿದ್ದರೆ ಕಂಡೆನ್ಸರ್ ಮೇಲೆ ಸಂಶಯಪಡಿ. ಶಾಫ್ಟ್ ಹಿಡಿದು ಅಲ್ಲಾಡಿಸಿ. ಬುಷ್ ಸವೆದಿದ್ದರೆ ಗ್ಯಾಪ್ ಎಷ್ಟು ಸಲ ಇಟ್ಟರೂ ನಿಲ್ಲುವುದಿಲ್ಲ. ಕತ್ತಲಾದ ಮೇಲೆ ದೀಪ ಹಚ್ಚದೆ, ಬಾನೆಟ್ ಎತ್ತಿ ಎಂಜಿನ್ ಚಾಲೂ ಇಡಿ. ಕ್ಯಾಪಿನ ಬಿರುಕಲ್ಲೋ ಹಳೆಯ ವೈರಿನಲ್ಲೋ ಕಿಡಿ ಹಾರಿದರೆ ಬರಿಗಣ್ಣಿಗೇ ಕಾಣುತ್ತದೆ. ಆ ಕಿಡಿ ಪಕ್ಕದ ಸಿಲಿಂಡರಿಗೆ ಹೋದರೆ ಇನ್‌ಲೆಟ್ ತೆರೆದಿರುವಾಗಲೇ ಬೆಂಕಿ ಬೀಳುತ್ತದೆ. ವೈರುಗಳ ಕ್ರಮ 1-3-4-2. 1489 ಸಿಸಿ ಎಂಜಿನ್ನಿನಲ್ಲಿ ರೋಟರ್ ಸುತ್ತುವುದು ಗಡಿಯಾರಕ್ಕೆ ವಿರುದ್ಧವಾಗಿ. ಎರಡು ವೈರು ಅದಲುಬದಲಾದರೂ ಗಾಡಿ ಹೇಗೋ ಚಾಲೂ ಆದೀತು, ಹೊಡೆಯುವುದು ಮಾತ್ರ ನಿಲ್ಲದು. ಟೈಮಿಂಗ್ ತಡವಾದರೆ ಉರಿ ಸಿಲಿಂಡರಿನಲ್ಲಿ ಮುಗಿಯದೆ ಎಕ್ಸಾಸ್ಟಿಗೆ ಹೋಗುತ್ತದೆ.

ಮುಂದಿನದು ಟ್ಯಾಪೆಟ್, ಗ್ಯಾಪ್ 0.38 ಮಿ.ಮೀ. ಇದನ್ನು ಈಗ ಹಿಂದಿಗಿಂತ ಹೆಚ್ಚು ನೋಡಬೇಕು. 2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಹಳೆಯ ಎರಕದ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟನ್ನು ಕಾಯುತ್ತಿದ್ದದ್ದು ಆ ಸೀಸ. ಅದಿಲ್ಲದೆ ಸೀಟ್ ಸವೆದು ವಾಲ್ವ್ ಒಳಗಿಳಿಯುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ, ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಮುಂದೆ ಹೊಡೆದರೆ ಈಗ ಗಾಳಿ ಸೋರಿಕೆ ಹುಡುಕಿ. ಎಂಜಿನ್ ನಿಧಾನಕ್ಕೆ ಓಡುತ್ತಿರಲಿ. ಇನ್‌ಲೆಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಅಂಚಿಗೆ ಎಣ್ಣೆಡಬ್ಬಿಯಿಂದ ಎರಡು ಹನಿ ಎಂಜಿನ್ ಎಣ್ಣೆ ಬಿಡಿ. ಸದ್ದು ಬದಲಾದರೆ ಸೋರುವ ಜಾಗ ಅದೇ. ಪೆಟ್ರೋಲ್ ಸುರಿದು ಈ ಪರೀಕ್ಷೆ ಮಾಡಲೇಬೇಡಿ. ಏರ್ ಕ್ಲೀನರ್ ತೆಗೆದು ಗಾಡಿ ಓಡಿಸುವುದೂ ಬೇಡ. ಹಿಂದೆ ಹಾಯುವ ಜ್ವಾಲೆಯನ್ನು ತಡೆಯುವುದು, ಎರೆ ನೆಲದ ಧೂಳನ್ನು ಹೊರಗಿಡುವುದು ಎರಡೂ ಅದೇ.

ಕೊನೆಗೆ ಕಾರ್ಬೊರೇಟರ್. ನಿಂತ ಗಾಡಿಯ ಟ್ಯಾಂಕಿನ ತುಕ್ಕು ಫ್ಲೋಟ್ ಚೇಂಬರಿಗೆ ಇಳಿದಿರುತ್ತದೆ, ತೊಳೆಯಿರಿ. ಪಿಸ್ಟನ್ ಎತ್ತಿ ಬಿಟ್ಟರೆ ತಡೆಯಿಲ್ಲದೆ ಇಳಿದು ಟಕ್ ಎನ್ನಬೇಕು. ಬಿಸಿಯಾದ ಎಂಜಿನ್ ಓಡುತ್ತಿರುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ಎಂಜಿನ್ ಕುಸಿದರೆ ಕಡಿಮೆ, ಕ್ಷಣ ಏರಿ ಮೊದಲಿನಂತಾದರೆ ಸರಿ.

ಇಲ್ಲಿ ಹೊಸದೊಂದು ಸಂಗತಿ ಸೇರಿಕೊಂಡಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ 20 ಇಥೆನಾಲ್ ಬೆರೆತ ಪೆಟ್ರೋಲೇ ಈಗ ಬಂಕುಗಳಲ್ಲಿ ಸಾಮಾನ್ಯ. ಇಥೆನಾಲನ್ನು ನಮ್ಮ ಸೀಮೆಯ ಬೆಳೆಯಾದ ಗೋವಿನಜೋಳದಿಂದಲೂ ತೆಗೆಯುತ್ತಾರೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬರಿ ಪೆಟ್ರೋಲಿನ 1 ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು. ಈ ಮಿಶ್ರಣಕ್ಕೆ ಸಾಕಾಗುವುದು ಸುಮಾರು 13.5. ಹಳೆಯ ಜೆಟ್ ಹಳೆಯ ಅಳತೆಯಲ್ಲೇ ಬಡಿಸುವುದರಿಂದ ನಿನ್ನೆಯವರೆಗೆ ಸರಿಯಿದ್ದ ಕಾರಿಗೂ ಪೆಟ್ರೋಲ್ ಕಡಿಮೆ ಬೀಳುತ್ತದೆ. ಎಸ್‌ಯು ಜೆಟ್ಟಿನ ಆರು ಮುಖದ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ಕೆಳಗೆ ತಿರುಗಿಸಿ, ಮತ್ತೆ ಪಿಸ್ಟನ್ ಎತ್ತಿ ನೋಡಿ. ಇಥೆನಾಲ್ ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್, ಫ್ಲೋಟ್ ಚೇಂಬರ್ ಎರಡನ್ನೂ ಬರಿದು ಮಾಡಿಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಮ್ಯಾನುಯಲ್ಲಿನ ಅಂಕಿಗಳು ಬರೆದ ಕಾಲದ ಪೆಟ್ರೋಲಿಗೆ ಸೇರಿದವು. ಪೆಟ್ರೋಲ್ ಎರಡು ಸಲ ಬದಲಾಗಿದೆ. ಕಂಪ್ಯೂಟರ್ ಜೋಡಿಸಿ ದೋಷ ಓದುವ ಇಂದಿನ ಹುಡುಗರಿಗೆ ಪಾಯಿಂಟ್, ಜೆಟ್ ಕಲಿಯುವ ಸಂದರ್ಭವೇ ಬಂದಿಲ್ಲ. ನಿಮ್ಮ ಕಾರಿನ ಮೊದಲ ವೈದ್ಯರು ನೀವೇ ಆಗಬೇಕು. ಹುಬ್ಬಳ್ಳಿಗೆ ಹೋಗುವುದೇ ಆದರೂ ಎಲ್ಲಿ ಹೊಡೆಯಿತು, ಯಾವಾಗ ಹೊಡೆಯಿತು, ಏನು ನೋಡಿಯಾಯಿತು ಎಂಬ ವಿವರ ಕೈಯಲ್ಲಿರಲಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಅದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ.