‘ಅಲ್ಟಿಮಾ’ ಗಣಕ ಕಥನಗಳಲ್ಲಿ ಅವತಾರ ಮತ್ತು ಪರೀಕ್ಷೆಯ ಆಶಯ

ಗಣಕಯಂತ್ರದ ಆಟಗಳನ್ನು ಮಕ್ಕಳ ಕಾಲಹರಣವೆಂದು ಬದಿಗಿರಿಸುವ ರೂಢಿ ವಿದ್ವತ್ ವಲಯದಲ್ಲಿ ಇನ್ನೂ ಬಲವಾಗಿದೆ. ಆದರೆ ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು ಕಥೆಯೊಳಗೆ ಸಂಚರಿಸುವ ‘ರೋಲ್‌ಪ್ಲೇಯಿಂಗ್’ ಆಟಗಳು ಜಾನಪದ ಅಧ್ಯಯನವು ಕಡೆಗಣಿಸಬಹುದಾದ ಪ್ರಕಾರವಲ್ಲ. ಈ ಪ್ರಕಾರದ ಅಭಿಜಾತ ಕೃತಿಗಳೆಂಬ ಮನ್ನಣೆ ಪಡೆದವುಗಳಲ್ಲಿ ಅಮೆರಿಕದ ರಿಚರ್ಡ್ ಗ್ಯಾರಿಯಟ್ ರೂಪಿಸಿದ ‘ಅಲ್ಟಿಮಾ’ ಸರಣಿ ಪ್ರಮುಖವಾದುದು. ಅದರ ನಾಲ್ಕು, ಐದು ಮತ್ತು ಆರನೆಯ ಕೃತಿಗಳು ಕ್ರಮವಾಗಿ 1985, 1988 ಮತ್ತು 1990ರಲ್ಲಿ ಬಂದವು. ಅವುಗಳ ಚಿತ್ರಗಳು ಇಂದು ತೀರ ಒರಟಾಗಿ ಕಾಣುತ್ತವೆ. ಆದರೂ ಆಡಿದವರು ಅವನ್ನು ಮರೆತಿಲ್ಲ. ಅದಕ್ಕೆ ಕಾರಣವನ್ನು ಕಥಾವಸ್ತುವಿಗಿಂತ ಹೆಚ್ಚಾಗಿ, ಪರೀಕ್ಷೆಯ ಆಶಯವನ್ನು ಅವು ದುಡಿಸಿಕೊಂಡ ಬಗೆಯಲ್ಲಿ ಹುಡುಕಬೇಕು.

ನಾಲ್ಕನೆಯ ಕೃತಿಯಲ್ಲಿ ಕೊಲ್ಲಬೇಕಾದ ಖಳನಾಯಕನೇ ಇಲ್ಲ. ಸತ್ಯಸಂಧತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಸಾಧಿಸಿ ‘ಅವತಾರ್’ ಎನಿಸಿಕೊಳ್ಳುವುದೇ ಆಟದ ಗುರಿ. ಆರಂಭದಲ್ಲಿ ಒಬ್ಬ ಅಲೆಮಾರಿ ಹೆಂಗಸು ಎರಡೆರಡು ಗುಣಗಳನ್ನು ಎದುರುಬದುರಾಗಿಸಿ ಪ್ರಶ್ನೆ ಕೇಳುತ್ತಾಳೆ. ಉತ್ತರಗಳ ಮೇಲೆ ಆಟಗಾರನ ಪಾತ್ರ ನಿರ್ಧಾರವಾಗುತ್ತದೆ. ವಿನಯವನ್ನು ಆಯ್ದುಕೊಂಡವನು ಯುದ್ಧಕ್ಕೆ ಅಷ್ಟಾಗಿ ಒದಗದ ಕುರುಬನಾಗಿ, ಗರ್ವದಿಂದ ಹಾಳುಬಿದ್ದ ಮ್ಯಾಜಿಂಶಿಯಾ ಎಂಬ ಊರಿನಲ್ಲಿ ಕಣ್ತೆರೆಯುತ್ತಾನೆ. ಗುಡಿಗಳಲ್ಲಿ ಜಪಿಸಬೇಕಾದ ಎಂಟು ಮಂತ್ರಗಳಲ್ಲಿ ಒಂದು ‘ಓಂ’. ‘ಅವತಾರ’ ಎಂಬ ಪದ ಭಾರತದಿಂದ ಅಲ್ಲಿಗೆ ಹೋಯಿತು. ಹೋಗುವಾಗ ದಿಕ್ಕು ಬದಲಿಸಿತು. ಇಲ್ಲಿ ದೈವವು ಇಳಿದು ಬರುವುದು ಅವತಾರ. ಅಲ್ಲಿ ಮನುಷ್ಯನು ಏರಿ ಹೋಗುವುದು. ಎರವಲು ಹೋದ ಪದವು ಮೂಲದ ಅರ್ಥವನ್ನೇ ಹೊತ್ತಿರಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಆದರೆ ಈ ತಿರುವಿನಿಂದ ಅವತಾರವೆಂಬುದು ಗಳಿಸಿಕೊಳ್ಳುವ ಪದವಿಯಾಯಿತೆಂಬುದನ್ನು ಗಮನಿಸಬೇಕು.

ಈ ಆಟದ ಜೀವಾಳವಿರುವುದು ಒಂದು ಚಿಕ್ಕ ವ್ಯವಹಾರದಲ್ಲಿ. ಮಾಂತ್ರಿಕ ಮೂಲಿಕೆಗಳನ್ನು ಮಾರುವವರು ಕುರುಡರು. ಅವರು ಬೆಲೆ ಹೇಳುತ್ತಾರೆ. ಹಣವನ್ನು ಆಟಗಾರನೇ ಎಣಿಸಿ ಇಡಬೇಕು. ಕಡಿಮೆ ಇಟ್ಟರೂ ಮೂಲಿಕೆ ಸಿಗುತ್ತದೆ, ಯಾರೂ ತಡೆಯುವುದಿಲ್ಲ. ಕಣ್ಣಿಗೆ ಕಾಣದ ಲೆಕ್ಕದಲ್ಲಿ ಮಾತ್ರ ಅವನ ಸತ್ಯಸಂಧತೆ ಕುಗ್ಗಿರುತ್ತದೆ. ವ್ಲಾದಿಮಿರ್ ಪ್ರಾಪ್ 1928ರ ತನ್ನ ಅಧ್ಯಯನದಲ್ಲಿ, ಮಾಂತ್ರಿಕ ವಸ್ತುವನ್ನು ಪಡೆಯುವ ಮೊದಲು ನಾಯಕನು ಪರೀಕ್ಷೆಗೆ ಒಳಗಾಗುವುದನ್ನು ಕಿನ್ನರಿಕಥೆಯ ಒಂದು ಕಾರ್ಯವೆಂದು ಗುರುತಿಸಿದ್ದನು. ಕಥೆ ಕೇಳುವವನಿಗೆ ಆ ಪರೀಕ್ಷೆ ಬೇರೊಬ್ಬನದು. ಇಲ್ಲಿ ಅದು ಅವನದೇ. ಅದೂ ಪರೀಕ್ಷೆಯೆಂದು ತಿಳಿಯದ ಪರೀಕ್ಷೆ. ಮಂಟೇಸ್ವಾಮಿ ಕಾವ್ಯದಲ್ಲಿ ಗುರುವು ಅಸಹ್ಯರೂಪ ತಾಳಿ ಕಲ್ಯಾಣದ ಬಾಗಿಲಿಗೆ ಬಂದಾಗ ಶರಣರಿಗೆ ಒದಗಿದ್ದು ಇಂಥದೇ ಸನ್ನಿವೇಶ. ಬಂದವನು ಗುರುವೆಂದು ಮೊದಲೇ ತಿಳಿದಿದ್ದರೆ ಯಾರು ತಾನೇ ಬಾಗಿಲು ತೆರೆಯುತ್ತಿರಲಿಲ್ಲ?

ಆದರೆ ಕೃತಿಯ ದೌರ್ಬಲ್ಯವೂ ಇಲ್ಲಿಯೇ ಇದೆ. ಭಿಕ್ಷುಕನಿಗೆ ನಾಣ್ಯ ಕೊಟ್ಟರೆ ಕರುಣೆ ಹೆಚ್ಚುತ್ತದೆ, ವೈದ್ಯನಲ್ಲಿ ರಕ್ತ ಕೊಟ್ಟರೆ ತ್ಯಾಗ ಹೆಚ್ಚುತ್ತದೆ. ಈ ಸೂತ್ರವನ್ನು ಅರಿತ ಆಟಗಾರನಿಗೆ ಭಿಕ್ಷುಕನು ಮನುಷ್ಯನಾಗಿ ಉಳಿಯುವುದಿಲ್ಲ, ಪುಣ್ಯ ಜಮೆಯಾಗುವ ಪೆಟ್ಟಿಗೆಯಾಗುತ್ತಾನೆ. ಗುಣವನ್ನು ಎಣಿಸತೊಡಗಿದೊಡನೆ ಅದು ವ್ಯಾಪಾರವಾಗುವ ಈ ಅಪಾಯಕ್ಕೆ ಕೃತಿಯೊಳಗೆ ಪರಿಹಾರವಿಲ್ಲ. ಐದನೆಯ ಕೃತಿಯಲ್ಲಿ ಬ್ಲ್ಯಾಕ್‌ಥಾರ್ನ್ ಎಂಬ ಆಳುಗನು ಅದೇ ಎಂಟು ಗುಣಗಳನ್ನು ಕಠೋರ ಕಾನೂನುಗಳನ್ನಾಗಿ ಮಾಡುತ್ತಾನೆ. ಸುಳ್ಳಾಡಿದವನ ನಾಲಿಗೆ ಹೋಗುತ್ತದೆ.

ಆರನೆಯ ಕೃತಿ ‘ದಿ ಫಾಲ್ಸ್ ಪ್ರಾಫೆಟ್’ ಇನ್ನೂ ಮುಂದೆ ಹೋಗುತ್ತದೆ. ನಾಲ್ಕನೆಯದರಲ್ಲಿ ಅವತಾರನು ಅಪಾರ ಸಾಹಸದಿಂದ ಕಂಡುಕೊಂಡ ಜ್ಞಾನಗ್ರಂಥವು ಅಲ್ಲಿಂದ ಹೊರಬಂದುದರಿಂದ ಗಾರ್ಗಾಯ್ಲ್ ಎಂಬ ಕೊಂಬು–ರೆಕ್ಕೆಗಳ ಜನಾಂಗದ ಲೋಕವೇ ಕುಸಿಯುತ್ತಿದೆ. ರಾಕ್ಷಸರಂತೆ ಕಾಣುವ ಇವರಿಗೂ ತಮ್ಮವೇ ತತ್ತ್ವಗಳಿವೆ, ಭವಿಷ್ಯವಾಣಿಯಿದೆ. ಅದರಲ್ಲಿ ಅವತಾರನು ಮೋಸದ ಪ್ರವಾದಿ. ಒಂದೇ ಘಟನೆ ಸೋತವರ ಬಾಯಲ್ಲಿ ಬೇರೆಯೇ ಪಾಠವಾಗುವುದು ಮೌಖಿಕ ಪರಂಪರೆಯ ಅಭ್ಯಾಸಿಗಳಿಗೆ ಹೊಸತಲ್ಲ. ವಾಮನನು ತುಳಿದ ಬಲಿಯನ್ನು ತುಳುನಾಡಿನಲ್ಲಿ ದೀಪಾವಳಿಯಂದು ‘ಬಲೀಂದ್ರ’ನೆಂದು ಕೂಗಿ ಕರೆಯುತ್ತಾರೆ. ಅವತಾರದ ಕಥೆಯನ್ನು ಅದರ ಇನ್ನೊಂದು ಮಗ್ಗುಲಿನಿಂದ ನೆನೆಯುವ ಆ ಪರಂಪರೆಯ ಬಗ್ಗೆ ಗ್ಯಾರಿಯಟ್ ತಂಡಕ್ಕೆ ಅರಿವಿತ್ತೆಂದು ಊಹಿಸುವ ಅಗತ್ಯವಿಲ್ಲ. ಕಥನದ ತರ್ಕವೇ ಅವರನ್ನು ಅಲ್ಲಿಗೆ ತಂದಿದೆ.

ಪರಿಹಾರವು ಯುದ್ಧದಿಂದ ಬರುವುದಿಲ್ಲ. ಆಟಗಾರನು ಗಾರ್ಗಾಯ್ಲರ ಭಾಷೆಯನ್ನು ಕಲಿಯಬೇಕು, ಅವರ ಮುಂದೆ ಶರಣಾಗತಿಯ ಪದಕವನ್ನು ಕೊರಳಿಗೆ ಹಾಕಿಕೊಳ್ಳಬೇಕು. ಕೊನೆಗೆ ಗ್ರಂಥವು ಯಾರ ಕೈಗೂ ಸಿಗದಂತೆ ಶೂನ್ಯಕ್ಕೆ ಮರಳುತ್ತದೆ. ಎರಡೂ ಜನಾಂಗಗಳು ತಮ್ಮ ತಮ್ಮ ಮಸೂರದ ಮೂಲಕ ಅದನ್ನು ಓದಿಕೊಳ್ಳುತ್ತವೆ.